ಅಗ್ಗಕ್ಕೆ ತಂದ ಹಳೇ ಬಟ್ಟೆ ದುಬಾರಿಯಾಗುವುದು ಯಾವಾಗ?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಸೆಕೆಂಡ್ ಹ್ಯಾಂಡ್ ಬಟ್ಟೆಯ ಬಗ್ಗೆಯೇ ಇವೆ. ಹೊಲಿಗೆ ಮತ್ತು ಬಟ್ಟೆ ರಿಪೇರಿಯ ಕೆಲಸ ಬಲ್ಲ ನಮ್ಮ ತಜ್ಞೆ ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ಮೇಡಂ, ನಮ್ಮದು ನಾಲ್ಕು ಜನರ ಸಂಸಾರ. ಮಕ್ಕಳಿಗೆ 1 ಮತ್ತು 8 ವರ್ಷ. ಖರ್ಚು ಇಳಿಸೋಣ ಅಂತ ಆರು ತಿಂಗಳಿಂದ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲೇ ಬಟ್ಟೆ ತರುತ್ತಿದ್ದೇನೆ. ಬೀರು ತುಂಬಿದೆ, ದುಡ್ಡು ಮಾತ್ರ ಉಳಿದ ಹಾಗೆ ಕಾಣುತ್ತಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಬೀರು ತುಂಬಿದೆ ಅಂದಿರಲ್ಲ, ತಪ್ಪು ಅಲ್ಲೇ ಇದೆ. ಹಳೇ ಬಟ್ಟೆ ಅಂಗಡಿಗೆ ಹೋದಾಗ ನಾವು ಬೇಕಾದ್ದನ್ನು ಹುಡುಕುವುದಿಲ್ಲ, ಸಿಕ್ಕಿದ್ದನ್ನು ತರುತ್ತೇವೆ. "ಇಷ್ಟು ಕಮ್ಮಿಗೆ ಮತ್ತೆ ಸಿಗುತ್ತಾ?" ಅನ್ನೋ ಒಂದೇ ಮಾತು ಸಾಕು, ಕೈ ತಾನಾಗಿ ಚೀಲಕ್ಕೆ ಹೋಗುತ್ತದೆ.

ಒಂದು ಸಣ್ಣ ಲೆಕ್ಕ ಮಾಡಿ. ಹೊಸ ಅಂಗಿಯ ಬೆಲೆ 100 ಅಂತ ಇಟ್ಟುಕೊಳ್ಳಿ. ಅದನ್ನು 50 ಸಲ ಹಾಕಿಕೊಂಡರೆ ಒಂದು ಸಲಕ್ಕೆ 2 ಬಿತ್ತು. ಹಳೇ ಅಂಗಿ 25ಕ್ಕೆ ಸಿಕ್ಕಿತು, ಆದರೆ ಬಣ್ಣ ಒಪ್ಪಲಿಲ್ಲ, 5 ಸಲ ಹಾಕಿ ಮೂಲೆಗೆ ಸೇರಿಸಿದಿರಿ. ಒಂದು ಸಲಕ್ಕೆ 5 ಬಿತ್ತು! ಅಗ್ಗದ್ದೇ ದುಬಾರಿ ಆಯಿತು ಅಲ್ವಾ?

ಅದಕ್ಕೇ ಮುಂದಿನ ಸಲ ಹೋಗುವ ಮೊದಲು ಬೀರು ಖಾಲಿ ಮಾಡಿ ಎಲ್ಲವನ್ನೂ ಮಂಚದ ಮೇಲೆ ಹಾಕಿ. ಯಾರಿಗೆ ಏನು ಇಲ್ಲ ಅಂತ ಚೀಟಿ ಬರೆದುಕೊಳ್ಳಿ. "ದೊಡ್ಡವನಿಗೆ ಪ್ಯಾಂಟ್ 2, ಯಜಮಾನರಿಗೆ ಸ್ವೆಟರ್ 1", ಇಷ್ಟು ಸಾಕು. ಚೀಟಿಯಲ್ಲಿ ಇಲ್ಲದ್ದು ಎಷ್ಟೇ ಚೆನ್ನಾಗಿರಲಿ, ಮನೆಯಲ್ಲಿರುವ ಎರಡು ಮೂರು ಬಟ್ಟೆಯ ಜೊತೆ ಹೊಂದದಿದ್ದರೆ ಅಲ್ಲೇ ಬಿಡಿ. ಬೇರೆ ಯಾರಿಗಾದರೂ ಆಗುತ್ತದೆ.

ಇನ್ನೊಂದು ವಿಷಯ. ಎಲ್ಲ ವಯಸ್ಸಿನವರಿಗೂ ಹಳೇ ಬಟ್ಟೆಯಲ್ಲಿ ಒಂದೇ ಥರ ಲಾಭ ಇಲ್ಲ. ಕೂಸು ಮೊದಲ ವರ್ಷದಲ್ಲೇ ಸುಮಾರು 25 ಸೆಂಟಿಮೀಟರ್ ಉದ್ದ ಬೆಳೆಯುತ್ತದೆ. ಹಾಗಾಗಿ ಕೂಸಿನ ಬಟ್ಟೆ ಹರಿಯುವುದಕ್ಕೆ ಮೊದಲೇ ಗಿಡ್ಡ ಆಗಿರುತ್ತದೆ. ಅಂಗಡಿಯಲ್ಲಿ ಅದು ಬಹುತೇಕ ಹೊಸದರ ಹಾಗೇ ಸಿಗುತ್ತದೆ. ನಿಮ್ಮ ಚಿಕ್ಕದಕ್ಕೆ ಧಾರಾಳವಾಗಿ ಅಲ್ಲೇ ತನ್ನಿ. ದೊಡ್ಡವನ ಕಥೆ ಬೇರೆ. ಶಾಲೆಗೆ ಹೋಗುವ ವಯಸ್ಸಿನಲ್ಲಿ ಮಕ್ಕಳು ವರ್ಷಕ್ಕೆ 5ರಿಂದ 7 ಸೆಂಟಿಮೀಟರ್ ಬೆಳೆಯುತ್ತವೆ, ಆದರೆ ಮಂಡಿ ಊರಿ ಆಡುತ್ತವೆ. ಅವರ ಪ್ಯಾಂಟ್ ಅಂಗಡಿಗೆ ಬರುವ ಹೊತ್ತಿಗೆ ಮಂಡಿ ಹತ್ತಿರ ಸವೆದು ಹೋಗಿರುತ್ತದೆ. ಅವನಿಗೆ ಪ್ಯಾಂಟ್ ಹೊಸದೇ ಕೊಡಿಸಿ, ಜಾಕೆಟ್ ಹಳೇದು ಹುಡುಕಿ. ದೊಡ್ಡವರಿಗೆ ಕೋಟು, ಉಣ್ಣೆ ಬಟ್ಟೆ, ಸಮಾರಂಭದ ಉಡುಪು ನೋಡಿ. ಇವನ್ನು ಜನ ನಾಲ್ಕೈದು ಸಲ ಹಾಕಿ ಬಿಟ್ಟಿರುತ್ತಾರೆ.

ಮಕ್ಕಳಿಗೆ "ಮುಂದಕ್ಕೆ ಆಗುತ್ತೆ" ಅಂತ ಮೂರು ವರ್ಷದ ಬಟ್ಟೆ ಕೂಡಿಡಬೇಡಿ. ಒಂದು ಸೈಜ್ ಮುಂದಕ್ಕೆ, ಅಷ್ಟೇ. ಅದಕ್ಕಿಂತ ಜಾಸ್ತಿ ಇಟ್ಟರೆ ಇಟ್ಟಿದ್ದೇ ಮರೆತುಹೋಗುತ್ತದೆ. ನೆನಪಾದಾಗ ಮಗು ಆ ಸೈಜನ್ನೂ ದಾಟಿರುತ್ತದೆ.

ಪ್ರಶ್ನೆ: ನೋಡಲು ಚೆನ್ನಾಗಿದ್ದ ಷರ್ಟು ಎರಡೇ ಒಗೆತಕ್ಕೆ ಹೊಲಿಗೆ ಹತ್ತಿರ ಪಿಸಿದುಹೋಯಿತು. ಬಟ್ಟೆ ಗಟ್ಟಿ ಇದೆಯೋ ಇಲ್ಲವೋ ಅಂತ ಅಂಗಡಿಯಲ್ಲೇ ತಿಳಿಯುವುದು ಹೇಗೆ?

ಉತ್ತರ: ಒಳಗಡೆ ತಿರುಗಿಸಿ ನೋಡಿ. ಹೊರಗಡೆ ಇಸ್ತ್ರಿ ಮಾತಾಡುತ್ತದೆ, ಒಳಗಡೆ ಬಟ್ಟೆ ಮಾತಾಡುತ್ತದೆ.

ಮೊದಲು ಪಕ್ಕದ ಹೊಲಿಗೆಯ ಎರಡೂ ಕಡೆ ಹೆಬ್ಬೆರಳು ಇಟ್ಟು ಮೆಲ್ಲಗೆ ಜಗ್ಗಿ. ಎಳೆಗಳು ಸರಿದು ಏಣಿಯ ಹಾಗೆ ಸಂದು ಕಾಣಿಸಿದರೆ ಆ ಬಟ್ಟೆ ಲಡ್ಡಾಗಿದೆ. ಹೊಲಿಗೆ ಹಾಕಿದರೂ ನಿಲ್ಲುವುದಿಲ್ಲ, ಯಾಕೆಂದರೆ ಸೂಜಿ ಹಿಡಿಯಲು ಅಲ್ಲಿ ಬಟ್ಟೆಯೇ ಉಳಿದಿಲ್ಲ. ನಿಮ್ಮ ಷರ್ಟಿಗೆ ಆಗಿದ್ದು ಬಹುಶಃ ಇದೇ. ಆಮೇಲೆ ಬೆಳಕಿಗೆ ಹಿಡಿಯಿರಿ. ಮೊಣಕೈ, ಕೂರುವ ಜಾಗ, ತೊಡೆ ಉಜ್ಜುವ ಜಾಗ ಉಳಿದ ಕಡೆಗಿಂತ ತೆಳುವಾಗಿ ಕಂಡರೆ ಅದರ ಆಯಸ್ಸು ಮುಗಿಯುತ್ತಾ ಬಂದಿದೆ.

ಕಂಕುಳು ನೋಡಲು ಮರೆಯಬೇಡಿ. ಅಲ್ಲಿನ ಹಳದಿ ಕಲೆ ಬರೀ ಬೆವರಿನದಲ್ಲ. ಬೆವರು ತಡೆಯುವ ಡಿಯೋಡರೆಂಟ್‌ನಲ್ಲಿರುವ ಅಲ್ಯೂಮಿನಿಯಂ ಲವಣ ಬೆವರಿನ ಜೊತೆ ಸೇರಿ ಆಗುವ ಕಲೆ ಅದು. ಕ್ಲೋರಿನ್ ಬ್ಲೀಚ್ ಹಾಕಿದರೆ ಇನ್ನೂ ಹಳದಿಯಾಗಬಹುದು. ಅಂಥದ್ದನ್ನು ಬಿಡುವುದೇ ವಾಸಿ. ಎಲಾಸ್ಟಿಕ್ ಇದ್ದರೆ ಕಿವಿಯ ಹತ್ತಿರ ಹಿಡಿದು ಎಳೆಯಿರಿ, ಪಟಪಟ ಸದ್ದು ಬಂದರೆ ಒಳಗಿನ ರಬ್ಬರ್ ಒಣಗಿದೆ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ ಬಿಡಿ! ಜಿಪ್ಪನ್ನು ಮೂರು ಸಲ ಮೇಲೆ ಕೆಳಗೆ ಎಳೆಯಿರಿ. ಹೊಸ ಜಿಪ್ ಹಾಕಿಸುವ ಕೂಲಿ ಹಳೇ ಪ್ಯಾಂಟಿನ ಬೆಲೆಯನ್ನೇ ದಾಟಬಹುದು. ಗುಂಡಿ ಬಿದ್ದಿದ್ದರೆ ಮಾತ್ರ ಹೆದರಬೇಡಿ. ಷರ್ಟಿನ ಕೆಳ ತುದಿಯಲ್ಲೋ ಪಕ್ಕದ ಹೊಲಿಗೆಯ ಒಳಗೋ ಹೆಚ್ಚುವರಿ ಗುಂಡಿ ಇರುತ್ತದೆ. ಇಲ್ಲದಿದ್ದರೂ ಚೌಕಾಶಿಗೆ ಒಂದು ನೆಪ ಸಿಕ್ಕಿತು.

ಉಣ್ಣೆಯಲ್ಲಿ ಎರಡು ವಿಷಯ. ಬಿಸಿ ನೀರಲ್ಲಿ ಒಗೆದು ಕುಗ್ಗಿ ದಪ್ಪ ಕಂಬಳಿಯಂತಾದ ಸ್ವೆಟರನ್ನು ಮೊದಲಿನ ಹಾಗೆ ಮಾಡಲು ಆಗುವುದಿಲ್ಲ. ಸೂಜಿ ಮೊನೆಯಷ್ಟು ತೂತುಗಳಿದ್ದರೆ ನುಸಿ ಹೊಕ್ಕಿದೆ ಅಂತ ಅನುಮಾನ ಪಡಿ. ಅದು ಬೀರುವಿನ ಉಳಿದ ಉಣ್ಣೆಗೂ ಹಬ್ಬುತ್ತದೆ.

ಪ್ರಶ್ನೆ: ಯಾರು ಹಾಕಿದ್ದೋ ಏನೋ ಅಂತ ನಮ್ಮತ್ತೆಗೆ ಭಯ. ಚರ್ಮರೋಗ, ಹೇನು, ತಿಗಣೆ ಎಲ್ಲಾ ಬರುತ್ತವೆ ಅನ್ನುತ್ತಾರೆ. ಒಗೆದರೆ ಸಾಲದಾ?

ಉತ್ತರ: ಅತ್ತೆಯ ಭಯ ಪೂರ್ತಿ ತಪ್ಪಲ್ಲ. ಆದರೆ ಮೂರಕ್ಕೂ ಒಂದೇ ಥರ ಹೆದರಬೇಕಿಲ್ಲ. ತಲೆ ಹೇನು ರಕ್ತ ಸಿಗದೆ ಒಂದೆರಡು ದಿನದಲ್ಲಿ ಸಾಯುತ್ತದೆ. ಕಜ್ಜಿಯ ಹುಳವೂ ಮೈಯಿಂದ ಹೊರಗೆ ಸಾಮಾನ್ಯವಾಗಿ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ಅಂಗಡಿಯಲ್ಲಿ ವಾರಗಟ್ಟಲೆ ತೂಗುಹಾಕಿದ್ದ ಬಟ್ಟೆಯಲ್ಲಿ ಇವೆರಡರ ಚಿಂತೆ ಕಮ್ಮಿ. ತಿಗಣೆ ಮಾತ್ರ ಜಿಗುಟು. ಊಟವಿಲ್ಲದೆ ತಿಂಗಳುಗಟ್ಟಲೆ ಇರಬಲ್ಲದು. ಹೊಲಿಗೆಯ ಸಂದಿನಲ್ಲಿ, ಕಾಲರಿನ ಕೆಳಗೆ ಕಪ್ಪು ಚುಕ್ಕಿಗಳಿದ್ದರೆ ಮುಟ್ಟಬೇಡಿ.

ತಂದ ಚೀಲವನ್ನು ಹಾಸಿಗೆ, ಸೋಫಾದ ಮೇಲೆ ಇಡಬೇಡಿ, ನೇರ ಒಗೆಯಲು ಹಾಕಿ. ಹತ್ತಿ ಬಟ್ಟೆಯಾದರೆ 60 ಡಿಗ್ರಿ ನೀರು ಸಾಕು. ಬಟ್ಟೆಯ ಲೇಬಲ್ ಮೇಲೆ ನೀರಿನ ತೊಟ್ಟಿಯ ಚಿತ್ರ ಇರುತ್ತದಲ್ಲ, ಅದರಲ್ಲಿ 60 ಅಂತಲೋ ನಾಲ್ಕು ಚುಕ್ಕಿಯೋ ಇದ್ದರೆ ಆ ಬಿಸಿ ತಡೆಯುತ್ತದೆ ಅಂತ ಅರ್ಥ. ಉಣ್ಣೆ, ರೇಷ್ಮೆ ಬಿಸಿ ತಡೆಯುವುದಿಲ್ಲ. ಅವನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ, ಮೈನಸ್ 18 ಡಿಗ್ರಿ ಇರುವ ಫ್ರೀಜರಿನಲ್ಲಿ 4 ದಿನ ಬಿಡಿ. ತಿಗಣೆಗೂ ನುಸಿಗೂ ಅದೇ ಮದ್ದು.

ನುಸಿ ಗುಳಿಗೆಯ ವಾಸನೆ ಹೊಡೆಯುವ ಬಟ್ಟೆಯನ್ನು ಒಗೆಯುವ ಮೊದಲು ಕೆಲವು ದಿನ ಗಾಳಿಗೆ ಹಾಕಿ. ಅದರಲ್ಲಿ ನ್ಯಾಫ್ತಲೀನ್ ಇದ್ದರೆ ಕೆಲವು ಎಳೆ ಕೂಸುಗಳ ಕೆಂಪು ರಕ್ತಕಣಗಳಿಗೆ ಪೆಟ್ಟು ಬೀಳುತ್ತದೆ. ಹಾಗಾಗಿ ಕೂಸಿಗೆ ಅಂಥ ಬಟ್ಟೆ ತರಲೇಬೇಡಿ, ಎಷ್ಟೇ ಮುದ್ದಾಗಿರಲಿ.

ಅತ್ತೆಗೆ ಇದನ್ನೂ ಹೇಳಿ: ಹೊಸ ಬಟ್ಟೆಯನ್ನೂ ಒಗೆಯದೆ ಹಾಕಬಾರದು. ಸುಕ್ಕು ಬರದಿರಲಿ ಅಂತ ಕೆಲವಕ್ಕೆ ಫಾರ್ಮಾಲ್ಡಿಹೈಡ್ ಸೇರಿದ ರಾಳ ಹಾಕಿರುತ್ತಾರೆ, ಹೆಚ್ಚಿನ ಬಣ್ಣವೂ ಉಳಿದಿರುತ್ತದೆ. ಹತ್ತು ಒಗೆತ ಕಂಡ ಹತ್ತಿ ಬಟ್ಟೆ ಅದಕ್ಕಿಂತ ಮೃದು.

ಪ್ರಶ್ನೆ: ಯಾವುದನ್ನು ಹಳೇದು ಕೊಳ್ಳಲೇಬಾರದು?

ಉತ್ತರ: ಒಳ ಉಡುಪು, ಅದು ಹೇಳಬೇಕಿಲ್ಲ. ಹೆಲ್ಮೆಟ್ ಕೂಡ ಬೇಡ. ಒಮ್ಮೆ ಪೆಟ್ಟು ತಿಂದರೆ ಒಳಗಿನ ಫೋಮ್ ಜಜ್ಜಿಹೋಗಿರುತ್ತದೆ, ಹೊರಗೆ ಗೊತ್ತಾಗುವುದಿಲ್ಲ. ಚಿಕ್ಕ ಮಕ್ಕಳ ಬಟ್ಟೆಯಲ್ಲಿ ಕುತ್ತಿಗೆ ಹತ್ತಿರ ಕಟ್ಟುವ ದಾರ ಇದ್ದರೆ ಎಳೆದು ತೆಗೆಯಿರಿ, ಎಲ್ಲಾದರೂ ಸಿಕ್ಕಿಕೊಂಡರೆ ಅಪಾಯ.

ತುಂಬ ಜನ ಮೋಸಹೋಗುವುದು ಶೂ ವಿಷಯದಲ್ಲಿ. ಡಬ್ಬದಲ್ಲೇ ಇದ್ದ, ಒಂದು ದಿನವೂ ಹಾಕದ ಸ್ಪೋರ್ಟ್ಸ್ ಶೂ ಸಿಕ್ಕಿತು ಅಂತ ಖುಷಿ. ನಾಲ್ಕು ಹೆಜ್ಜೆಗೆ ಅಟ್ಟೆ ಪುಡಿಪುಡಿ! ಕೆಲವು ಶೂಗಳ ಅಟ್ಟೆ ಪಾಲಿಯುರೆಥೇನ್‌ನದು. ಗಾಳಿಯ ತೇವ ಅದನ್ನು ವರ್ಷಗಟ್ಟಲೆ ಒಳಗೊಳಗೇ ಮುರಿಯುತ್ತಿರುತ್ತದೆ, ಶೂ ಸುಮ್ನೆ ಇಟ್ಟಿದ್ದರೂ. ಅಟ್ಟೆಯನ್ನು ಉಗುರಿನಿಂದ ಒತ್ತಿ, ಬಗ್ಗಿಸಿ ನೋಡಿ. ತೊಗಲಿನ ಹಾಗೆ ಕಾಣುವ ಅಗ್ಗದ ಜಾಕೆಟ್ ಸಿಪ್ಪೆ ಏಳುವುದೂ ಹೆಚ್ಚಾಗಿ ಇದೇ ಕಾರಣಕ್ಕೆ.

ಪ್ರಶ್ನೆ: ಮಗನಿಗೆ 13. ಹಳೇ ಬಟ್ಟೆ ಅಂದರೆ ಸ್ನೇಹಿತರ ಮುಂದೆ ಮರ್ಯಾದೆ ಹೋಗುತ್ತದೆ ಅನ್ನುತ್ತಾನೆ. ಹೊಸದು ಅಂತ ಸುಳ್ಳು ಹೇಳಿ ಕೊಡಲಾ?

ಉತ್ತರ: ಸುಳ್ಳು ಬೇಡ. ಗೊತ್ತಾದ ದಿನ ಆ ಬಟ್ಟೆಯ ಜೊತೆ ನಿಮ್ಮ ಮಾತೂ ಮೂಲೆ ಸೇರುತ್ತದೆ. ಅವನ ಪಾಲಿನ ಬಟ್ಟೆ ದುಡ್ಡನ್ನು ಅವನ ಕೈಗೇ ಕೊಟ್ಟು ನೋಡಿ. ಹೊಸದು ಒಂದು ತರುತ್ತಾನೋ, ಹಳೇದು ಮೂರು ತರುತ್ತಾನೋ, ಅವನಿಷ್ಟ. ಒಂದೂ ಬೇಡ ಅಂದರೆ ಒತ್ತಾಯ ಮಾಡಬೇಡಿ, ಉಳಿತಾಯವನ್ನು ನಿಮ್ಮ ಕೋಟಿನಲ್ಲಿ ಮಾಡಿ.

ಪ್ರಶ್ನೆ: ಲೇಬಲ್‌ನಲ್ಲಿ ನನ್ನ ಸೈಜೇ ಇರುತ್ತದೆ, ಮನೆಗೆ ಬಂದು ಹಾಕಿದರೆ ಆಗುವುದಿಲ್ಲ. ಆಲ್ಟರ್ ಮಾಡಿಸಬಹುದಾ?

ಉತ್ತರ: ಲೇಬಲ್ ನಂಬಬೇಡಿ. ಕಂಪನಿಗೊಂದು ಅಳತೆ, ಕಾಲಕ್ಕೊಂದು ಅಳತೆ. ಮೇಲಾಗಿ ಆ ಬಟ್ಟೆ ಈಗಾಗಲೇ ಒಗೆದು ಕುಗ್ಗಿರುತ್ತದೆ. ನಿಮಗೆ ಸರಿಯಾಗಿ ಕೂರುವ ಒಂದು ಅಂಗಿಯನ್ನು ನೆಲಕ್ಕೆ ಹರಡಿ ಹೆಗಲು, ಎದೆ, ಉದ್ದ ಅಳೆದು ಬರೆದುಕೊಳ್ಳಿ. ಟೇಪು ಚೀಲದಲ್ಲೇ ಇರಲಿ.

ಉದ್ದ ಕಮ್ಮಿ ಮಾಡುವುದು, ಪಕ್ಕ ಹಿಡಿಯುವುದು ಸುಲಭ. ಬಿಚ್ಚಿ ಸಡಿಲ ಮಾಡಬೇಕಾದರೆ ಒಳಗೆ ಎಷ್ಟು ಬಟ್ಟೆ ಬಿಟ್ಟಿದ್ದಾರೆ ನೋಡಿ. ಬಿಟ್ಟಿದ್ದರೂ ಹಳೇ ಹೊಲಿಗೆಯ ತೂತು, ಮಾಸದೆ ಉಳಿದ ಗೆರೆ ಎದ್ದು ಕಾಣಬಹುದು. ಹೆಗಲು ಕೂರದಿದ್ದರೆ ಮಾತ್ರ ಆಸೆ ಬಿಡಿ. ತೋಳು ಬಿಚ್ಚಿ ಮತ್ತೆ ಕೂರಿಸುವ ಕೂಲಿಗೆ ಅಂಥದ್ದೇ ಇನ್ನೆರಡು ಅಂಗಿ ಬರುತ್ತವೆ.