ಗೆರೆ ಎಳೆದ ಚೆಕ್ಕು, ಖಾತೆ ಇಲ್ಲದ ಮೇಸ್ತ್ರಿ

ನಮ್ಮ ಕಾಸರಗೋಡಿನ ಬದಿಯಡ್ಕದ ಹತ್ತಿರ ಜಾಗ ತಗೊಂಡಿದ್ದೀರಿ, ಆವರಣದ ಗೋಡೆ ಕಟ್ಟಿದ ಮೇಸ್ತ್ರಿಗೆ ಚೆಕ್ ಕೊಟ್ಟಿರಿ, ಅವರು ನಾಲ್ಕು ದಿನ ಬಿಟ್ಟು ಅದನ್ನು ಹಾಗೇ ವಾಪಸ್ ತಂದು ಕೈಗಿಟ್ಟರು. "ಇಲ್ಲಿಯವರಿಗೆ ಚೆಕ್ ಅಂದ್ರೆ ನಂಬಿಕೆ ಇಲ್ವಾ?" ಅಂತ ಕೇಳಿದ್ದೀರಿ. ನಂಬಿಕೆಯ ವಿಷಯ ಅಲ್ಲ ಮಾರಾಯ್ರೇ. ಚೆಕ್ಕಿನ ಎಡಮೂಲೆಯಲ್ಲಿ ನೀವು ಎರಡು ಗೆರೆ ಎಳೆದಿರಬೇಕು, ನಡುವೆ 'ಅಕೌಂಟ್ ಪೇಯಿ' ಅಂತ ಬರೆದಿರಬೇಕು. ಬೆಂಗಳೂರಿನವರಿಗೆ ಕೈ ಸುಮ್ನೆ ಹಾಗೇ ಓಡುತ್ತದೆ. ಆದರೆ ಆ ಗೆರೆ ಬಿದ್ದ ಮೇಲೆ ಕೌಂಟರಿನಲ್ಲಿ ಯಾರೂ ನಗದು ಎಣಿಸಿ ಕೊಡುವುದಿಲ್ಲ. ಹಣ ಒಂದು ಖಾತೆಗೇ ಹೋಗಬೇಕು. ಮೇಸ್ತ್ರಿಗೆ ಖಾತೆ ಇಲ್ಲ ಅಂದಮೇಲೆ ಅವರ ಮಟ್ಟಿಗೆ ಅದು ಬರೀ ಚಂದದ ಕಾಗದ.

ಗೆರೆ ಇಲ್ಲದಿದ್ದರೆ ಕಥೆ ಬೇರೆ. ಹೆಸರು ಬರೆಯುವ ಸಾಲಿನ ಕೊನೆಗೆ 'ಆರ್ ಬೇರರ್' ಅಂತ ಅಚ್ಚಾಗಿರುತ್ತದಲ್ಲ, ಅದನ್ನು ಹೊಡೆದುಹಾಕದೆ ಬಿಟ್ಟರೆ ಚೆಕ್ ಹಿಡಿದು ಹೋದವರಿಗೆ ಬ್ಯಾಂಕ್ ಹಣ ಕೊಡುತ್ತದೆ. ಖಾತೆ ಬೇಕಾಗಿಲ್ಲ. ಹಿಂದೆ ಸಹಿ ಮಾಡಿಸಿಕೊಳ್ಳುತ್ತಾರೆ, 50,000 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಗುರುತಿನ ಚೀಟಿ ಕೇಳಿಯೇ ಕೇಳುತ್ತಾರೆ, ಎಷ್ಟೋ ಕಡೆ ಚಿಕ್ಕ ಮೊತ್ತಕ್ಕೂ ಕೇಳುತ್ತಾರೆ. ಆದರೆ ಇಂಥ ಚೆಕ್ ದಾರಿಯಲ್ಲಿ ಬಿದ್ದುಹೋದರೆ ಸಿಕ್ಕಿದವರೂ ಹೀಗೇ ಹೋಗಿ ನಗದು ಮಾಡಿಕೊಳ್ಳಬಹುದು, ಆಮೇಲೆ ಬ್ಯಾಂಕನ್ನು ಬೈದು ಪ್ರಯೋಜನ ಇಲ್ಲ. 'ಬೇರರ್' ಹೊಡೆದು ಗೆರೆ ಮಾತ್ರ ಹಾಕದೆ ಕೊಟ್ಟರೆ ಅದು ನಡುವಿನ ದಾರಿ. ಆಗ ಹೆಸರಿರುವವರೇ ಹೋಗಿ ತಾನು ತಾನೇ ಅಂತ ತೋರಿಸಿ ಹಣ ತಗೊಳ್ಳಬೇಕು. ನನ್ನನ್ನು ಕೇಳಿದರೆ ಮೇಸ್ತ್ರಿಯಂಥವರಿಗೆ ಇದೇ ಒಳ್ಳೆಯದು.

ಇನ್ನೊಂದು ತೊಡಕು, ನಿಮ್ಮ ಖಾತೆ ಇರುವುದು ಬೆಂಗಳೂರಿನ ಶಾಖೆಯಲ್ಲಿ. ಅದೇ ಬ್ಯಾಂಕಿನ ಶಾಖೆ ಕಾಸರಗೋಡು ಪೇಟೆಯಲ್ಲಿ ಇದ್ದರೂ, ಬೇರೆ ಊರಿನ ಖಾತೆಯ ಚೆಕ್ಕಿಗೆ ಮೂರನೆಯವರಿಗೆ ನಗದು ಕೊಡುತ್ತಾರೋ ಇಲ್ಲವೋ, ಕೊಟ್ಟರೆ ಎಷ್ಟರವರೆಗೆ, ಅದು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ನೀವೇ ಫೋನ್ ಮಾಡಿ ಕೇಳಿಕೊಂಡು ಆಮೇಲೆ ಬರೆಯಿರಿ. ಮೇಸ್ತ್ರಿ ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತಿ ಹೋಗಿ ಬರಿಗೈಲಿ ಬರುವುದು ಬೇಡ.

ಈಗ ನಮ್ಮ ಕಡೆಯದ್ದೇ ಒಂದು ವಿಷಯ ಹೇಳುತ್ತೇನೆ, ಇದು ನಿಮಗೆ ಬೆಂಗಳೂರಿನಲ್ಲಿ ಯಾರೂ ಹೇಳಲಿಕ್ಕಿಲ್ಲ. ಇಲ್ಲಿ "ನನಗೆ ಖಾತೆ ಇಲ್ಲ" ಅನ್ನುವವರಲ್ಲಿ ಅರ್ಧ ಜನಕ್ಕೆ ಸೊಸೈಟಿಯಲ್ಲಿ ಒಂದು ಪುಸ್ತಕ, ಅಂದರೆ ಪಾಸ್‌ಬುಕ್, ಇದ್ದೇ ಇರುತ್ತದೆ. ಕೇರಳದಲ್ಲಿ ಪಂಚಾಯತಿಗೊಂದರಂತೆ ಸಿಗುವ 'ಸರ್ವಿಸ್ ಕೋಆಪರೇಟಿವ್ ಬ್ಯಾಂಕ್' ಹೆಸರಿಗೆ ಬ್ಯಾಂಕ್, ಕಾನೂನಿಗೆ ಪ್ರಾಥಮಿಕ ಸಹಕಾರಿ ಪತ್ತಿನ ಸಂಘ. ಜನ ಅದನ್ನು ಖಾತೆ ಅಂತ ಲೆಕ್ಕಕ್ಕೇ ತಗೊಳ್ಳುವುದಿಲ್ಲ, ಗೊಬ್ಬರಕ್ಕೂ ಚಿನ್ನದ ಸಾಲಕ್ಕೂ ಹೋಗುವ ಜಾಗ ಅಷ್ಟೆ. ಅಕೌಂಟ್ ಪೇಯಿ ಚೆಕ್ಕನ್ನು ಬೇರೆಯವರ ಖಾತೆಗೆ ಹಾಕಬಾರದು ಅಂತ ರಿಸರ್ವ್ ಬ್ಯಾಂಕ್ ಕಟ್ಟುನಿಟ್ಟಾಗಿ ಹೇಳಿದೆ. ಆದರೆ ಇಂಥ ಸಹಕಾರಿ ಪತ್ತಿನ ಸಂಘದ ಸದಸ್ಯರ ಹೆಸರಿನ ಚೆಕ್ಕು 50,000 ರೂಪಾಯಿಯೊಳಗೆ ಇದ್ದರೆ, ಸಂಘದ ಖಾತೆ ಇರುವ ಬ್ಯಾಂಕು ಅದನ್ನು ಸಂಘಕ್ಕಾಗಿ ವಸೂಲು ಮಾಡಿಕೊಡಬಹುದು ಅಂತ ಒಂದು ಸಡಿಲಿಕೆ ಇಟ್ಟಿದೆ. ಮಾಡಲೇಬೇಕು ಅಂತೇನಿಲ್ಲ, ಬ್ಯಾಂಕ್ ಒಪ್ಪಬೇಕು. ಆದರೂ ಮೇಸ್ತ್ರಿಯ ಹತ್ತಿರ ಮೊದಲು ಕೇಳಬೇಕಾದ ಪ್ರಶ್ನೆ "ಸೊಸೈಟಿಯಲ್ಲಿ ಪುಸ್ತಕ ಉಂಟಾ?" ಅಂತ. ಖಾತೆ ಉಂಟಾ ಅಂತ ಕೇಳಿದರೆ ಇಲ್ಲ ಅಂತಲೇ ಬರುತ್ತದೆ.

ಹೆಸರಿನ ವಿಷಯಕ್ಕೆ ಬರೋಣ. ಗಡಿನಾಡಿನಲ್ಲಿ ಚೆಕ್ ಕೆಡುವುದು ಜಾಸ್ತಿ ಇಲ್ಲಿಯೇ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ರೇಶನ್ ಕಾರ್ಡಿನಲ್ಲಿ ಮಲಯಾಳ, ಆಧಾರಿನಲ್ಲಿ ಯಾರೋ ಟೈಪ್ ಮಾಡಿದ ಇಂಗ್ಲಿಷ್. ಒಬ್ಬನೇ ಮನುಷ್ಯನಿಗೆ ನಾಲ್ಕು ಹೆಸರು. 'ಅ' ಕಾರಾಂತ ಹೆಸರಿಗೆ ಕೊನೆಯಲ್ಲಿ 'ನ್' ಸೇರಿರುತ್ತದೆ, ಮನೆತನದ ಹೆಸರು ಹೋಗಿ ಒಂದು ಇನಿಷಿಯಲ್ ಬಂದಿರುತ್ತದೆ. ನೀವು ಎಲ್ಲರೂ ಕರೆಯುವ ಹೆಸರು ಬರೆದು ಕೊಟ್ಟರೆ ಕೌಂಟರಿನವರು "ಇದು ನೀವಲ್ಲ" ಅನ್ನುತ್ತಾರೆ.

ನಮ್ಮೂರಿನಲ್ಲೇ ಆದದ್ದು ಹೇಳುತ್ತೇನೆ. ಜಾತ್ರೆಯ ಹೊತ್ತಿಗೆ ಒಬ್ಬ ಹಿರಿಯ ತೆಯ್ಯಂ ಕಲಾವಿದರಿಗೆ ಸನ್ಮಾನ ಮಾಡಿದೆವು. ಶಾಲು, ಹಣ್ಣಿನ ಬುಟ್ಟಿ, ಕವರಿನಲ್ಲಿ ಚೆಕ್. ಖಜಾಂಚಿ ನಾನೇ, ಜಾಗ್ರತೆ ಇರಲಿ ಅಂತ ಎರಡು ಗೆರೆ ಎಳೆದವನೂ ನಾನೇ. ಅಜ್ಜ ಅದನ್ನು ದೇವರ ಫೋಟೋದ ಹಿಂದೆ ಇಟ್ಟುಬಿಟ್ಟರು. ಮೊಮ್ಮಗಳು ನೋಡಿ ಬ್ಯಾಂಕಿಗೆ ಒಯ್ಯುವಾಗ ಮೂರು ತಿಂಗಳು ದಾಟಿತ್ತು. ಚೆಕ್ಕಿನ ಆಯುಸ್ಸು 2012ರ ಏಪ್ರಿಲ್‌ನಿಂದ ಮೂರೇ ತಿಂಗಳು, ಮೊದಲು ಆರು ಇತ್ತು. ಅವಧಿ ಮುಗಿದಿದೆ, ಗೆರೆ ಇದೆ, ಖಾತೆ ಇಲ್ಲ, ಹೆಸರೂ ಆಧಾರಿಗೆ ಹೊಂದುವುದಿಲ್ಲ. ನಾಲ್ಕೂ ಒಟ್ಟಿಗೆ! ಕೌಂಟರಿನವರು ಚೆಕ್ಕನ್ನು ತಿರುಗಿಸಿ ತಿರುಗಿಸಿ ನೋಡಿ ವಾಪಸ್ ಕೊಟ್ಟರಂತೆ. ಸನ್ಮಾನ ಅಂತ ಮಾಡಿ ಅವಮಾನ ಮಾಡಿದ ಹಾಗಾಯಿತು. ಆಮೇಲೆ ನಾನೇ ಹೊಸ ಚೆಕ್ ಬರೆದು, ಗೆರೆ ಹಾಕದೆ, ಆಧಾರ್ ಎದುರಿಗಿಟ್ಟು ಹೆಸರು ನಕಲು ಮಾಡಿ, ಅಜ್ಜನ ಜೊತೆಗೇ ಹೋದೆ.

ಕೌಂಟರಿನಲ್ಲಿ ಅಂದು ಇನ್ನೊಂದು ತಮಾಷೆ. ಕಣ್ಣೂರು ಕಡೆಯಿಂದ ಹೊಸದಾಗಿ ಬಂದ ಹುಡುಗಿ ಚೆಕ್ ತಿರುಗಿಸಿ "ಒಪ್ಪಿಡಣಂ" ಅಂದಳು. ನನ್ನ ಜೊತೆ ಬಂದಿದ್ದ ಪುತ್ತೂರಿನ ಭಾವ "ಒಪ್ಪಿದೆವು, ಒಪ್ಪಿದೆವು" ಅಂತ ತಲೆ ಆಡಿಸುತ್ತಾ ನಿಂತರು. ಮಲಯಾಳದಲ್ಲಿ ಒಪ್ಪು ಅಂದರೆ ಸಹಿ. ನಮ್ಮ ಹಳೆಯ ಶಾಸನಗಳ ಕನ್ನಡದಲ್ಲೂ ಸಹಿಗೆ 'ಒಪ್ಪ' ಅಂತಲೇ ಇತ್ತು, ನಾವು ಮರೆತೆವು, ಅವರು ಉಳಿಸಿಕೊಂಡರು. ನಿಮ್ಮ ಹತ್ತಿರ ಯಾರಾದರೂ ಒಪ್ಪು ಅಂದರೆ ಪೆನ್ನು ತೆಗೆಯಿರಿ.

ಕನ್ನಡದಲ್ಲಿ ಚೆಕ್ ಬರೆಯಬಹುದಾ ಅಂತಲೂ ಕೇಳಿದ್ದಿರಿ. ಪ್ರಾದೇಶಿಕ ಭಾಷೆಯಲ್ಲಿ ಬರೆಯಲು ಅವಕಾಶ ಇದೆ. ಆದರೆ ಓದುವವರು ಬೇಕಲ್ಲ. ಕರ್ನಾಟಕದ ಒಳಗೇ ತಾರೀಕಿನಲ್ಲಿದ್ದ ಕನ್ನಡದ ೯ ಅನ್ನು 6 ಅಂತ ಓದಿ ಚೆಕ್ ವಾಪಸ್ ಮಾಡಿದ ಪ್ರಕರಣ ಧಾರವಾಡದ ಗ್ರಾಹಕರ ಆಯೋಗಕ್ಕೆ ಹೋಗಿ, 2022ರಲ್ಲಿ ಬ್ಯಾಂಕಿಗೆ 85 ಸಾವಿರಕ್ಕೂ ಜಾಸ್ತಿ ದಂಡ ಬಿತ್ತು. ಅಲ್ಲೇ ಹಾಗಾದರೆ 1956ರಿಂದ ಕೇರಳದಲ್ಲಿರುವ ನಮ್ಮ ಗತಿ ಕೇಳಬೇಕಾ? ಅಭಿಮಾನಕ್ಕೆ ನನ್ನ ಸ್ವಂತ ಖಾತೆಯಲ್ಲಿ ನಾನು ಕನ್ನಡದಲ್ಲೇ ಬರೆಯುತ್ತೇನೆ, ಕೂಲಿಯ ಚೆಕ್ಕಿನಲ್ಲಿ ಬರೆಯುವುದಿಲ್ಲ. ತಕರಾರು ಆದರೆ ಅಲೆಯಬೇಕಾದವನು ನಾನಲ್ಲ, ಆ ಬಡಪಾಯಿ.

ಖಾತೆಯೇ ತೆರೆಸಿದರೆ ಆಗದಾ ಅಂದರೆ, ಆಗುತ್ತದೆ. 2014ರಲ್ಲಿ ಶುರುವಾದ ಜನಧನ್ ಖಾತೆಗೆ ಕನಿಷ್ಠ ಹಣ ಇಡಬೇಕಾಗಿಲ್ಲ. ದಾಖಲೆಯೇ ಇಲ್ಲದವರಿಗೆ 'ಸ್ಮಾಲ್ ಅಕೌಂಟ್' ಅಂತ ಒಂದಿದೆ, ಫೋಟೋ ಮತ್ತು ಬ್ಯಾಂಕಿನವರ ಎದುರಿಗೆ ಹಾಕಿದ ಸಹಿ ಅಥವಾ ಹೆಬ್ಬೆಟ್ಟು ಸಾಕು. ಆದರೆ ಅದರಲ್ಲಿ ಯಾವಾಗಲೂ 50,000 ಮೀರಿ ಉಳಿಯಬಾರದು, ತಿಂಗಳಿಗೆ ತೆಗೆಯಲು ಬಿಡುವುದು 10,000. ಗೋಡೆಯ ಲೆಕ್ಕ ಇಷ್ಟರಲ್ಲಿ ಹಿಡಿಯುವುದಿಲ್ಲ. ಆಧಾರ್ ಇದ್ದರೆ ಪೂರ್ತಿ ಖಾತೆಯನ್ನೇ ಮಾಡಿಸಿ. ಮೇಸ್ತ್ರಿ ಬೇಡ ಅಂದರೆ ಒತ್ತಾಯ ಮಾಡಬೇಡಿ. ಸಾಲದ ಕಂತು ತಾನಾಗಿಯೇ ಕಡಿದುಹೋದೀತು ಅನ್ನುವ ಹೆದರಿಕೆ ಕೆಲವರಿಗೆ, ಅದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ.

ಸದ್ಯಕ್ಕೆ ವಾಪಸ್ ಬಂದ ಹಳೆಯ ಚೆಕ್ ಹರಿದುಹಾಕಿ. ಗೆರೆಯ ಮೇಲೆ ಗೀಚಿ ತಿದ್ದಲು ಹೋಗಬೇಡಿ, ಅಕೌಂಟ್ ಪೇಯಿಯನ್ನು ತಿದ್ದಿದ್ದಕ್ಕೆ ಒಪ್ಪುವ ಕೌಂಟರ್ ನಾನು ನೋಡಿಲ್ಲ. ಹೊಸದು ಬರೆಯುವ ಮೊದಲು ಅವರ ಆಧಾರ್ ಒಮ್ಮೆ ತರಿಸಿ ನೋಡಿ. ಮತ್ತೆ ಅಜ್ಜನ ಸುದ್ದಿ, ಮರುವರ್ಷದ ಸನ್ಮಾನಕ್ಕೆ ಹೆಸರು ಆರಿಸುವ ಮೀಟಿಂಗಿನಲ್ಲಿ ಅವರೇ ಮೂಲೆಯಿಂದ ಕೇಳಿದರು: "ಖಜಾಂಚಿಗಳೇ, ಈ ಸಲ ಗೆರೆ ಹಾಕ್ತೀರೋ, ಬಿಡ್ತೀರೋ?"