ಚಿತ್ರವೂ ಬರೆಯಲು ಬಾರದು, ಕುಣಿಯಲೂ ಬಾರದು. ತನ್ನ ಚಿತ್ರ ತಾನೇ ಬರೆದು ಅದನ್ನು ಮೈಯಲ್ಲಿ ಆಡಿಸುವ ಥೆರಪಿಯನ್ನು ಮನೆಯಲ್ಲಿ ಮಾಡಬಹುದೇ?

ಮಾಡಬಹುದು, ಒಂದು ಮಿತಿಯೊಳಗೆ. ಮೂರು ವರ್ಷ ಹಾಸಿಗೆ ಹಿಡಿದಿದ್ದ ಅಮ್ಮನ ಆರೈಕೆ ಮಾಡಿ, ಅವರು ಹೋದ ಮೇಲೆ ನಾನು ಯಾರು, ನನಗೇನು ಬೇಕು ಎಂಬುದೇ ತಿಳಿಯುತ್ತಿಲ್ಲ ಎಂದಿದ್ದೀರಿ. ನಿದ್ದೆ, ಊಟ, ಆಫೀಸು ಹೇಗೋ ನಡೆಯುತ್ತಿದೆ ಎಂದೂ ಬರೆದಿದ್ದೀರಿ. ಅಷ್ಟು ನಡೆಯುತ್ತಿದ್ದರೆ ಮನೆಯಲ್ಲೇ ಶುರುಮಾಡಲು ಅಡ್ಡಿಯಿಲ್ಲ. ಚಿತ್ರ ಬಾರದಿರುವುದು ಇಲ್ಲಿ ಅನುಕೂಲವೇ. ಕೈ ಪಳಗಿದವರು ಹೋಲಿಕೆ ತರುವುದರಲ್ಲೇ ಅರ್ಧ ಗಂಟೆ ಕಳೆಯುತ್ತಾರೆ, ಮೈ ಏನು ಹೇಳುತ್ತಿದೆ ಎಂಬುದರ ಕಡೆ ಗಮನ ಹೋಗುವುದೇ ಇಲ್ಲ.

ನೀವು ಕೇಳಿದ ಪದ್ಧತಿ ಹೆಚ್ಚು ಹೆಸರಾದದ್ದು ಅಮೆರಿಕದ ನೃತ್ಯಗಾರ್ತಿ ಅನ್ನಾ ಹಾಲ್ಪ್ರಿನ್ ಅವರಿಂದ. 1972ರಲ್ಲಿ ಅವರು ತಮ್ಮದೇ ಚಿತ್ರ ಬರೆಯುವಾಗ ಕಿಬ್ಬೊಟ್ಟೆಯ ಜಾಗದಲ್ಲಿ ಬೂದು ಬಣ್ಣದ ಉಂಡೆಯೊಂದು ಬಂತು. ಅದನ್ನು ಕುಣಿಯಲು ಮನಸ್ಸು ಒಪ್ಪಲಿಲ್ಲ. ವೈದ್ಯರಿಗೆ ತೋರಿಸಿದಾಗ ಕರುಳಿನ ಕ್ಯಾನ್ಸರ್ ಎಂದು ತಿಳಿಯಿತು, ಶಸ್ತ್ರಚಿಕಿತ್ಸೆ ಆಯಿತು. ಮೂರು ವರ್ಷದ ಮೇಲೆ ಕಾಯಿಲೆ ಮರುಕಳಿಸಿದಾಗ ಆಳೆತ್ತರದ ಕಾಗದದಲ್ಲಿ ಮತ್ತೆ ತಮ್ಮನ್ನು ಬರೆದುಕೊಂಡರು. ಮೊದಲು ಬಂದದ್ದು ಬಣ್ಣ ತುಂಬಿದ, ಕಳೆಕಳೆಯಾದ ಚಿತ್ರ. ಅದನ್ನು ಕುಣಿಯಲು ಆಗಲೇ ಇಲ್ಲ. ಕಾಗದ ತಿರುಗಿಸಿ ಹಿಂಬದಿಗೆ ಕಪ್ಪಾದ, ಮೊನೆಮೊನೆಯಾದ, ಸಿಟ್ಟಿನ ಚಿತ್ರ ಬರೆದರು. ಮನೆಯವರು, ಆಪ್ತರ ಎದುರು ಮೊದಲು ಕುಣಿದದ್ದು ಆ ಹಿಂಬದಿಯನ್ನು, ಆಮೇಲೆ ಮುಂಬದಿಯನ್ನು. ಮಗಳು ಡಾರಿಯಾ ಜೊತೆ 1978ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತಮಾಲ್ಪಾ ಇನ್‌ಸ್ಟಿಟ್ಯೂಟ್ ಕಟ್ಟಿ ಇದನ್ನೇ ಕಲಿಸಿದರು. 2021ರಲ್ಲಿ ತೀರಿಕೊಂಡಾಗ ಅವರಿಗೆ ನೂರು ವರ್ಷ. ಅವರ ಕಾಯಿಲೆ ಹಿಮ್ಮೆಟ್ಟಿದ್ದು ನಿಜ. ಆದರೆ ಒಬ್ಬರಿಗೆ ಹಾಗಾಯಿತೆಂದು ಕುಣಿತದಿಂದ ಕ್ಯಾನ್ಸರ್ ವಾಸಿಯಾಗುತ್ತದೆ ಎನ್ನಲಾಗದು. ಯಾರಾದರೂ ಹಾಗೆ ಹೇಳಿ ಫೀಸು ಕೇಳಿದರೆ ಎದ್ದು ಬನ್ನಿ.

ಈ ಪದ್ಧತಿಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಕ್ರಮ. ಮೊದಲು ಮೈ ಆಡಿಸಬೇಕು, ಆಮೇಲೆ ಬರೆಯಬೇಕು, ಬರೆದದ್ದನ್ನು ಮತ್ತೆ ಮೈಯಲ್ಲಿ ಮಾಡಬೇಕು, ಕೊನೆಗೆ ಇನ್ನೊಮ್ಮೆ ಬರೆಯಬೇಕು. ಬಹಳ ಜನ ಒಂದು ಚಿತ್ರ ಬರೆದು, ಅದಕ್ಕೆ ಅರ್ಥ ಹಚ್ಚಿ ನಿಲ್ಲಿಸುತ್ತಾರೆ. ಅಲ್ಲಿ ಸಿಗುವುದು ಮನಸ್ಸಿಗೆ ಮೊದಲೇ ಗೊತ್ತಿದ್ದ ಉತ್ತರ.

ಸಾಮಾನು ಹೆಚ್ಚು ಬೇಡ. 22×28 ಇಂಚಿನ ಡ್ರಾಯಿಂಗ್ ಶೀಟ್ ಆರು ತನ್ನಿ. ಉದ್ದಕ್ಕೆ ಮೂರು, ಅಗಲಕ್ಕೆ ಎರಡು ಜೋಡಿಸಿದರೆ ಏಳಡಿ ಉದ್ದ, ಮೂರೂವರೆ ಅಡಿಗೂ ಹೆಚ್ಚು ಅಗಲ ಆಗುತ್ತದೆ. ಜೋಡಿಸಲು ಮಾಸ್ಕಿಂಗ್ ಟೇಪ್ ಬಳಸಿ, ಸೆಲ್ಲೋ ಟೇಪ್ ಮೇಲೆ ಬಣ್ಣ ಹಿಡಿಯುವುದಿಲ್ಲ. ಬಣ್ಣಕ್ಕೆ ಆಯಿಲ್ ಪೇಸ್ಟಲ್ ಸಾಕು. ಪೆನ್ಸಿಲ್, ರಬ್ಬರ್ ಹತ್ತಿರವೂ ಇಡಬೇಡಿ, ಅಳಿಸುವ ಅವಕಾಶ ಇದ್ದರೆ ಅಳಿಸುತ್ತಲೇ ಕೂರುತ್ತೇವೆ. ಎಂಟಡಿ ಉದ್ದಗಲದ ಖಾಲಿ ನೆಲ ಬೇಕು. ಬರಿಗಾಲಲ್ಲಿರಿ, ಟೈಲ್ಸ್ ಮೇಲೆ ಸಾಕ್ಸ್ ಹಾಕಿ ಜಾರಿ ಬಿದ್ದವರು ಕಡಿಮೆಯಿಲ್ಲ. ಒಟ್ಟು ಒಂದೂಕಾಲು ಗಂಟೆ ಬಿಡುವು, ಬಾಗಿಲಿಗೆ ಚಿಲಕ, ಮೊಬೈಲು ಸೈಲೆಂಟಿನಲ್ಲಿ, ಟೈಮರ್ ಮಾತ್ರ ಚಾಲೂ.

ಮೊದಲ ಹತ್ತು ನಿಮಿಷ ಚಾಪೆ ಮೇಲೆ ಅಂಗಾತ ಮಲಗಿ. ಹಿಮ್ಮಡಿ, ಮೀನಖಂಡ, ಸೊಂಟ, ಬೆನ್ನು, ಹೆಗಲು, ತಲೆಯ ಹಿಂಭಾಗ ಹೀಗೆ ನೆಲ ಎಲ್ಲೆಲ್ಲಿ ತಾಗುತ್ತಿದೆ, ಎಲ್ಲಿ ತಾಗುತ್ತಿಲ್ಲ ಎಂದಷ್ಟೇ ಗಮನಿಸಿ. ಆಮೇಲೆ ಎದ್ದು ಎರಡೂ ಅಂಗೈಯಿಂದ ಕಾಲಿನಿಂದ ತಲೆಯವರೆಗೆ ಎಣ್ಣೆ ಹಚ್ಚಿಕೊಂಡಂತೆ ಬಿರುಸಾಗಿ ಉಜ್ಜಿ, ಕೈಕಾಲು ಒದರಿ, ಕೋಣೆಯೊಳಗೆ ನಡೆದಾಡಿ. ಇದನ್ನು ಬಿಟ್ಟು ನೇರ ಬರೆಯಲು ಕೂತರೆ ಬರುವುದು ಶಾಲೆಯಲ್ಲಿ ಬರೆದ ಹುಡುಗಿಯ ಚಿತ್ರ: ದುಂಡು ಮುಖ, ಎರಡು ಕಣ್ಣು, ನಗು. ಮೈ ಬೆಚ್ಚಗಾಗಿದ್ದರೆ ಎಲ್ಲಿ ಬಿಗಿ, ಎಲ್ಲಿ ಜೋಮು ಎಂಬುದು ಆಗ ತಾನೇ ಗೊತ್ತಾಗಿರುತ್ತದೆ, ಕೈ ಅದನ್ನೇ ಬರೆಯುತ್ತದೆ.

ಈಗ ನೆಲದ ಮೇಲೆ ಹಾಸಿದ ಕಾಗದದಲ್ಲಿ 20 ನಿಮಿಷ ಬರೆಯಿರಿ. ಕನ್ನಡಿ ನೋಡಬೇಡಿ. ಮುಖದಿಂದ ಆರಂಭಿಸಬೇಡಿ, ಈಗ ಹೆಚ್ಚು ಗಮನಕ್ಕೆ ಬರುತ್ತಿರುವ ಭಾಗದಿಂದ ಆರಂಭಿಸಿ. ನಿಮ್ಮ ಪ್ರಶ್ನೆ ಓದಿದರೆ ನಿಮಗೆ ಅದು ಕೈಗಳೇ ಇರಬಹುದು ಅನಿಸುತ್ತದೆ, ಮೂರು ವರ್ಷ ಎತ್ತಿ, ಒರೆಸಿ, ಹೊರಳಿಸಿದ ಕೈಗಳು. ಅದನ್ನು ನೀವೇ ನೋಡಿ ನಿರ್ಧರಿಸಿ. ಮೈಯ ಅಂಚು ಬರೆದು ಮುಗಿಸಬೇಡಿ, ಒಳಗೂ ಬಣ್ಣ ತುಂಬಿ. ಹೊಟ್ಟೆಯಲ್ಲಿ ಏನಿದೆ? ಬೆನ್ನು ಯಾವ ಬಣ್ಣ? ಕಾಲು ನೆಲಕ್ಕೆ ತಾಗಿದೆಯೋ ಇಲ್ಲವೋ? ಕೈ ಮತ್ತೆ ಶಾಲೆಯ ಚಿತ್ರಕ್ಕೇ ಜಾರಿದರೆ ಎಡಗೈಗೆ ಬಣ್ಣ ಬದಲಿಸಿ, ಎಡಗೈಯವರಾದರೆ ಬಲಕ್ಕೆ. ಒಂದು ಭಾಗ ಖಾಲಿ ಉಳಿದರೆ ತುಂಬಲು ಹೆಣಗಬೇಡಿ. ಖಾಲಿ ಜಾಗವೂ ಚಿತ್ರವೇ.

ಟೈಮರ್ ಹೊಡೆದ ಕೂಡಲೇ ನಿಲ್ಲಿಸಿ, ಕಾಗದವನ್ನು ಗೋಡೆಗೆ ಅಂಟಿಸಿ ಆರಡಿ ಹಿಂದೆ ಬನ್ನಿ. ಈ ಹತ್ತು ನಿಮಿಷ ಬಹಳ ಸೂಕ್ಷ್ಮ. ಮೊದಲು ಕಾಣುವುದನ್ನಷ್ಟೇ ಬರೆಯಿರಿ: 'ಎಡಗೈಗಿಂತ ಬಲಗೈ ದೊಡ್ಡದು', 'ಕುತ್ತಿಗೆ ಇಲ್ಲ', 'ಪಾದ ಕಾಗದದ ಆಚೆ ಹೋಗಿದೆ'. ಆಮೇಲೆ ಅದನ್ನು ನೋಡುವಾಗ ಆಗುವ ಭಾವ. ಕೊನೆಗೆ ಹೊಳೆಯುವ ನೆನಪು, ವಿಚಾರ. ಹಾಲ್ಪ್ರಿನ್ ಅವರ ಪದ್ಧತಿಯಲ್ಲಿ ದೇಹ, ಭಾವ, ವಿಚಾರ ಎಂಬ ಈ ಮೂರು ಪದರಗಳನ್ನು ಬೇರೆಬೇರೆಯಾಗಿ ಹಿಡಿಯುವುದೇ ಅಭ್ಯಾಸದ ಅಡಿಪಾಯ. 'ಕೆಂಪು ಅಂದರೆ ಕೋಪ, ಕಪ್ಪು ಅಂದರೆ ಖಿನ್ನತೆ' ಎಂಬ ಪಟ್ಟಿಗಳು ಇಂಟರ್ನೆಟ್ಟಿನಲ್ಲಿ ಬೇಕಾದಷ್ಟಿವೆ, ಒಂದನ್ನೂ ನಂಬಬೇಡಿ. ಒಬ್ಬರಿಗೆ ಕೆಂಪು ಕುಂಕುಮ, ಇನ್ನೊಬ್ಬರಿಗೆ ರಕ್ತದ ಬಾಟಲಿ.

ಚಲನೆಗೆ 15 ನಿಮಿಷ. ಇಡೀ ಚಿತ್ರವನ್ನು ಕುಣಿಯಲು ಹೋಗಬೇಡಿ, ಒಂದೇ ಭಾಗ ಆರಿಸಿಕೊಳ್ಳಿ. ಆ ಭಾಗ ಚಿತ್ರದಲ್ಲಿ ಹೇಗಿದೆಯೋ ಹಾಗೆ ಮೈಯನ್ನು ನಿಲ್ಲಿಸಿ ಮೂರು ಉಸಿರು ಇರಿ. ಚಿತ್ರದ ಕೈ ಗಂಟಾಗಿದ್ದರೆ ನಿಮ್ಮ ಕೈಯೂ ಗಂಟಾಗಲಿ. ನಂತರ ಅದನ್ನೇ ಸ್ವಲ್ಪ ಹೆಚ್ಚಿಸಿ, ಮೊಣಕೈ, ಹೆಗಲು, ಬೆನ್ನಿಗೂ ಹರಡಲಿ. ಮತ್ತೆ ಕುಗ್ಗಿಸಿ, ಒಂದು ಬೆರಳಲ್ಲಿ ಮಾತ್ರ ಉಳಿಯಲಿ. ಆಮೇಲೆ ಅದರ ವಿರುದ್ಧದ್ದು ಮಾಡಿ. ಏನೂ ಹೊಳೆಯದೆ ಸಿಕ್ಕಿಕೊಂಡರೆ ಹಂಗೇರಿ ಮೂಲದ ನೃತ್ಯ ಚಿಂತಕ ರುಡಾಲ್ಫ್ ಲಾಬಾನ್ ಚಲನೆಯನ್ನು ಬಿಡಿಸಿದ ನಾಲ್ಕು ಗುಣ ನೆನಪಿಡಿ: ಭಾರ, ಜಾಗ, ಕಾಲ, ಹರಿವು. ಅದೇ ಚಲನೆಯನ್ನು ಬಲ ಹಾಕಿ ಮಾಡಿ, ಹಗುರವಾಗಿ ಮಾಡಿ, ನೇರ ಒಂದು ಗುರಿಯತ್ತ ಮಾಡಿ, ಸುತ್ತಿ ಬಳಸಿ ಮಾಡಿ, ಥಟ್ಟನೆ, ನಿಧಾನವಾಗಿ, ಬಿಗಿಹಿಡಿದು, ಬಿಟ್ಟುಕೊಟ್ಟು. ಯಾವುದೋ ಒಂದರಲ್ಲಿ ಉಸಿರು ಬದಲಾಗುತ್ತದೆ, ಆಕಳಿಕೆಯೋ ನಿಟ್ಟುಸಿರೋ ಕಣ್ಣೀರೋ ಬರುತ್ತದೆ. ಅಲ್ಲೇ ಎರಡು ನಿಮಿಷ ನಿಂತು ಪುನರಾವರ್ತಿಸಿ.

ಇಲ್ಲಿ ಹೆಚ್ಚಾಗಿ ಕೆಡುವುದು ಎರಡು ಕಡೆ. ಒಂದು, ಅಭಿನಯ. ದುಃಖ ಎಂದರೆ ತಲೆ ತಗ್ಗಿಸಿ ಕಣ್ಣು ಒರೆಸಿಕೊಳ್ಳುವುದು ಎಂದು ಸಿನಿಮಾ ನೋಡಿ ಕಲಿತದ್ದನ್ನೇ ಮಾಡುತ್ತೇವೆ. ಭಾವವನ್ನು ತೋರಿಸಲು ಹೋಗದೆ ಚಿತ್ರದ ಗೆರೆಯನ್ನು ಮಾತ್ರ ಮೈಯಲ್ಲಿ ಮಾಡಿ. ಗೆರೆ ಡೊಂಕಾಗಿದ್ದರೆ ಡೊಂಕು, ಗೀಚಾಗಿದ್ದರೆ ಗೀಚು. ಗೆರೆಗೂ ಕುಣಿತಕ್ಕೂ ನಂಟು ಹೊಸದೇನಲ್ಲ, ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಚಿತ್ರಕಾರ ಕೆ. ಕೆ. ಹೆಬ್ಬಾರರು ಲಯವನ್ನು ಒಳಗಿನಿಂದ ಅರಿಯಲೆಂದೇ ಕಥಕ್ ಕಲಿತರು. ಅವರ ನರ್ತಕರ ರೇಖಾಚಿತ್ರ ನೋಡಿದರೆ ಅದು ಗೊತ್ತಾಗುತ್ತದೆ. ಇನ್ನೊಂದು, ಹಾಡು. ಪರಿಚಿತ ಭಾವಗೀತೆ ಹಾಕಿಕೊಂಡರೆ ನೀವು ಕುಣಿಯುವುದು ಆ ಹಾಡಿನ ದುಃಖವನ್ನು. ಮೊದಮೊದಲು ಹಾಡೇ ಬೇಡ. ಮೌನ ತೀರಾ ಭಾರವೆನಿಸಿದರೆ ಸಾಹಿತ್ಯವಿಲ್ಲದ ತಂಬೂರಿ ಶ್ರುತಿ ಸಾಕು.

ಚಲನೆ ಮುಗಿದ ತಕ್ಷಣ, ಮಾತಾಡುವ ಮೊದಲು, ಸಣ್ಣ ಹಾಳೆಯಲ್ಲಿ ಹತ್ತು ನಿಮಿಷ ಮತ್ತೆ ನಿಮ್ಮನ್ನೇ ಬರೆಯಿರಿ. ಎರಡನ್ನೂ ಪಕ್ಕಪಕ್ಕ ಇಟ್ಟು ಏನು ಬದಲಾಯಿತು ಎಂದು ಒಂದೇ ಸಾಲು ಬರೆದಿಡಿ. ಏನೂ ಬದಲಾಗದಿದ್ದರೆ ಅದನ್ನೂ ಬರೆಯಿರಿ. ಉಳಿದ ಹತ್ತು ನಿಮಿಷ ಮರಳಿ ಬರಲು: ಪಾದ ನೆಲಕ್ಕೆ ಒತ್ತಿ, ಕೋಣೆಯಲ್ಲಿ ಕಾಣುವ ಐದು ವಸ್ತುಗಳ ಹೆಸರು ಗಟ್ಟಿಯಾಗಿ ಹೇಳಿ, ತಣ್ಣೀರಲ್ಲಿ ಮುಖ ತೊಳೆದು ಏನಾದರೂ ತಿನ್ನಿ. ಮುಗಿದ ಕೂಡಲೇ ಗಾಡಿ ಓಡಿಸಬೇಡಿ. ವಾರಕ್ಕೆ ಒಂದು ಸಲ ಮಾಡಿದರೆ ಸಾಕು, ದಿನವೂ ಮಾಡಿದರೆ ಹಿಂದಿನದು ಅರಗುವ ಮೊದಲೇ ಹೊಸದು ಮೇಲೆ ಬೀಳುತ್ತದೆ. ಎರಡು ಮೂರು ವಾರ ಮುಂಬದಿ ಬರೆದು ರೂಢಿಯಾದ ಮೇಲೆ ಹಿಂಬದಿಗೆ ಹೋಗಿ, ಅಂದರೆ ಜನರಿಗೆ ತೋರಿಸದೆ ಇಟ್ಟುಕೊಂಡದ್ದಕ್ಕೆ. ಆರೈಕೆ ಮಾಡಿದವರ ಹಿಂಬದಿಯಲ್ಲಿ ಸಿಟ್ಟು, ದಣಿವು, 'ಮುಗಿಯಿತಲ್ಲ' ಎಂಬ ನಿರಾಳ ಇರುವುದು ತೀರಾ ಸಾಮಾನ್ಯ. ಅದು ಅಮ್ಮನ ಮೇಲಿನ ಪ್ರೀತಿಗೆ ವಿರುದ್ಧವಲ್ಲ. ನಿಮ್ಮದರಲ್ಲಿ ಇಲ್ಲದಿದ್ದರೆ ಹುಡುಕಿ ತರಬೇಕಾಗಿಯೂ ಇಲ್ಲ.

ಫೋಟೊ, ಕನ್ನಡಿ ಬಗ್ಗೆಯೂ ಕೇಳಿದ್ದೀರಿ. ಮುಖದ ಚಿತ್ರ ಬೇಕೆನಿಸಿದರೆ ಹಗಲು ಬೆಳಕಿನಲ್ಲಿ ಮಾಡಿ. ಮಂದ ಬೆಳಕಿನಲ್ಲಿ ಕನ್ನಡಿ ದಿಟ್ಟಿಸಿದರೆ ಕೆಲವೇ ನಿಮಿಷದಲ್ಲಿ ಮುಖ ವಿಕಾರವಾಗಿ, ಅಪರಿಚಿತರಂತೆ, ಕೆಲವರಿಗೆ ತೀರಿಹೋದ ಹೆತ್ತವರಂತೆ ಕಾಣುತ್ತದೆ. ಇಟಲಿಯ ಮನೋವಿಜ್ಞಾನಿ ಜಿಯೊವಾನಿ ಕಪುಟೊ 2010ರಲ್ಲಿ ಇದನ್ನು ಪ್ರಯೋಗದಲ್ಲಿ ದಾಖಲಿಸಿದ್ದಾರೆ. ದುಃಖದಲ್ಲಿರುವವರು ಇದನ್ನು ದೈವಸಂಕೇತವೆಂದೋ ಹುಚ್ಚೆಂದೋ ಹೆದರಿಕೊಳ್ಳುತ್ತಾರೆ. ಅದು ಕಣ್ಣು, ಮಿದುಳು ಸೇರಿ ಮಾಡುವ ಕೆಲಸ ಅಷ್ಟೇ. ಮೊಬೈಲಾದರೆ ಕೈಯಲ್ಲಿ ಹಿಡಿಯಬೇಡಿ, 12 ಇಂಚು ದೂರದ ಸೆಲ್ಫಿಯಲ್ಲಿ ಮೂಗಿನ ಅಗಲ ಐದಡಿ ದೂರದ ಫೋಟೊಗಿಂತ ಹತ್ತಿರಹತ್ತಿರ ಶೇ 30ರಷ್ಟು ಹೆಚ್ಚಾಗಿ ಕಾಣುತ್ತದೆ. ಸ್ಟೂಲಿನ ಮೇಲೆ ಐದಡಿ ದೂರ ಇಟ್ಟು ಟೈಮರ್ ಹಾಕಿ. ಅವನ್ನೂ ಚಿತ್ರಗಳನ್ನೂ ಸ್ಟೇಟಸ್‌ಗೆ ಹಾಕಬೇಡಿ. ನೋಡುವವರಿದ್ದಾರೆ ಎಂದಾದ ಮೇಲೆ ಮುಂದಿನ ವಾರದ ಚಿತ್ರ ಅವರಿಗಾಗಿಯೇ ಬರುತ್ತದೆ.

ಮಿತಿಯ ಮಾತಿಗೆ ಬರುತ್ತೇನೆ. ನೀವು ಒಬ್ಬರೇ ಮಾಡುವುದು ಅಭ್ಯಾಸ, ಥೆರಪಿಯಲ್ಲ. 1942ರಲ್ಲಿ ವಾಷಿಂಗ್ಟನ್ನಿನ ಸೇಂಟ್ ಎಲಿಜಬೆತ್ಸ್ ಆಸ್ಪತ್ರೆಯಲ್ಲಿ ನೃತ್ಯಗಾರ್ತಿ ಮರಿಯನ್ ಚೇಸ್ ಮನೋರೋಗಿಗಳ ಜೊತೆ ನೃತ್ಯ-ಚಲನೆಯ ಥೆರಪಿ ಆರಂಭಿಸಿದಾಗ ಮುಖ್ಯ ಸಾಧನ ಎದುರಿಗಿದ್ದವರ ಚಲನೆಯನ್ನು ತಮ್ಮ ಮೈಯಲ್ಲಿ ಪಡೆದು ಮರಳಿ ಕೊಡುವುದಾಗಿತ್ತು. ಮಾತು ನಿಂತವರಿಗೂ ತಮ್ಮನ್ನು ಯಾರೋ ಕಂಡರು ಎನ್ನಿಸುವುದು ಅದರಿಂದ, ಒಂಟಿ ಕೋಣೆಯಲ್ಲಿ ಅದು ಸಿಗದು. ನಂಬಿಕೆಯ ಗೆಳತಿಯೊಬ್ಬಳನ್ನು ಕೂರಿಸಿಕೊಂಡರೆ ಸ್ವಲ್ಪ ಸಿಗುತ್ತದೆ. ಆಕೆ ಸುಮ್ಮನೆ ನೋಡಬೇಕು, ಆಮೇಲೆ 'ನಿನ್ನ ಕೈ ಮೂರು ಸಲ ಮೇಲೆದ್ದು ಬಿತ್ತು, ಆಗ ನನಗೆ ಗಂಟಲು ಕಟ್ಟಿತು' ಎಂಬಷ್ಟೇ ಹೇಳಬೇಕು. ಚೆನ್ನಾಗಿತ್ತು, ಪಾಪ, ಹೀಗೆ ಮಾಡು ಎಂಬ ಮಾತು ಬಾರದು.

ಸಂಶೋಧನೆಯೂ ಎಚ್ಚರದಿಂದಲೇ ಮಾತಾಡುತ್ತದೆ. ಖಿನ್ನತೆಗೆ ನೃತ್ಯ-ಚಲನೆಯ ಥೆರಪಿ ಕುರಿತ, ಲಭ್ಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ 2015ರ ಕಾಕ್ರೇನ್ ವಿಮರ್ಶೆಗೆ ಸಿಕ್ಕಿದ್ದು ಮೂರು ಅಧ್ಯಯನ, 147 ಜನ. ಖಚಿತ ತೀರ್ಮಾನಕ್ಕೆ ಅಷ್ಟು ಸಾಲದೆಂದು ಆ ವಿಮರ್ಶೆ ಹೇಳಿತು. ನೃತ್ಯ ಮತ್ತು ಈ ಥೆರಪಿ ಎರಡನ್ನೂ ಸೇರಿಸಿದ 2019ರ ಇನ್ನೊಂದು ವಿಶ್ಲೇಷಣೆ 41 ಅಧ್ಯಯನ, 2,374 ಜನರನ್ನು ಒಳಗೊಂಡಿತ್ತು. ಆತಂಕ, ಖಿನ್ನತೆ ತಗ್ಗಿದ್ದನ್ನು ಕಂಡಿತು. ಅಂದರೆ ಔಷಧಿ ನಡೆಯುತ್ತಿದ್ದರೆ ಇದರ ಭರವಸೆಯಲ್ಲಿ ನಿಲ್ಲಿಸುವಂತಿಲ್ಲ.

ಈ ಲಕ್ಷಣ ಕಂಡರೆ ಅಂದಿಗೆ ನಿಲ್ಲಿಸಿ: ಮೈ ಮರಗಟ್ಟಿದಂತಾಗುವುದು, ತನ್ನನ್ನು ತಾನೇ ದೂರದಿಂದ ನೋಡಿದಂತಾಗುವುದು, ಇಪ್ಪತ್ತು ನಿಮಿಷವಾದರೂ ನಿಲ್ಲದ ನಡುಕ, ಹಳೆಯ ಹಿಂಸೆಯ ದೃಶ್ಯ ಈಗಲೇ ನಡೆಯುತ್ತಿರುವಂತೆ ಬರುವುದು. ಮತ್ತೊಮ್ಮೆ ಹಾಗಾದರೆ ಒಬ್ಬರೇ ಮುಂದುವರಿಸಬೇಡಿ. ಎದೆನೋವು, ತಲೆಸುತ್ತು ಬಂದರೆ ನೇರ ವೈದ್ಯರ ಬಳಿ ಹೋಗಿ. ನೋವಿರುವ ಅದೇ ಜಾಗ ವಾರವಾರವೂ ಚಿತ್ರದಲ್ಲಿ ಬರುತ್ತಿದ್ದರೂ ತೋರಿಸಿಕೊಳ್ಳಿ, ರೋಗ ಪತ್ತೆ ಮಾಡುವುದು ಚಿತ್ರವಲ್ಲ, ವೈದ್ಯರ ಪರೀಕ್ಷೆ. ಬದುಕು ಬೇಡವೆನಿಸಿದ ದಿನ ಕಾಗದ ಬಣ್ಣ ಬದಿಗಿಟ್ಟು 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಉಚಿತ, ದಿನದ ಯಾವ ಹೊತ್ತಿಗೂ ಸಿಗುತ್ತದೆ, ಕನ್ನಡದಲ್ಲೂ ಮಾತಾಡಬಹುದು.

ಥೆರಪಿಸ್ಟ್ ಹುಡುಕುವುದಾದರೆ ಕ್ರಿಯೇಟಿವ್ ಮೂವ್‌ಮೆಂಟ್ ಥೆರಪಿ ಅಸೋಸಿಯೇಷನ್ ಆಫ್ ಇಂಡಿಯಾದಲ್ಲಿ ತರಬೇತಿ ಪಡೆದವರಿದ್ದಾರೆ. 2004ರಲ್ಲಿ ಶುರುವಾದ ಕೋಲ್ಕತ್ತ ಸಂವೇದ್ ಸಂಸ್ಥೆ ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಜೊತೆ ಈ ಥೆರಪಿಯ ಡಿಪ್ಲೊಮಾ ನಡೆಸಿದೆ. ವಾರಾಂತ್ಯದ ಒಂದು ವರ್ಕ್‌ಶಾಪ್ ಮಾಡಿ ಬೋರ್ಡು ಹಾಕಿಕೊಂಡವರೂ ಇದ್ದಾರೆ. ಹಾಗಾಗಿ ಫೀಸು ಕೇಳುವ ಮುಂಚೆ ಮೂರು ಪ್ರಶ್ನೆ ಕೇಳಿ: ಎಷ್ಟು ಗಂಟೆ ತರಬೇತಿ ಆಗಿದೆ, ನಿಮ್ಮ ಕೆಲಸವನ್ನು ನೋಡಿ ತಿದ್ದುವ ಹಿರಿಯರು ಯಾರು, ಸೆಷನ್ನಿನಲ್ಲಿ ಯಾರಾದರೂ ಕುಸಿದರೆ ಯಾವ ಮನೋವೈದ್ಯರಿಗೆ ಕಳಿಸುತ್ತೀರಿ. ಮೂರನೆಯದಕ್ಕೆ ತಡವರಿಸಿದರೆ ಬೇರೆಯವರನ್ನು ನೋಡಿ.