ಇಪ್ಪತ್ತೈದು ಬೇಡ, ಮೂರು ಸಾಕು

ಭಾಗಮಂಡಲದ ಗೆಳೆಯರಿಗೆ,

ನಮಸ್ಕಾರ. ವಿಡಿಯೋ ಗೇಮ್ ಒಂದರ ಬಗ್ಗೆ ನೀವು ಬರೆದ ‘ಮೈನ್‌ಕ್ರಾಫ್ಟ್‌ಗೆ 25 ಹೊಸ ಮಾಂತ್ರಿಕ ಸಮ್ಮೋಹನಗಳು’ ಲೇಖನ ಬಂದು ಮೂರು ವಾರವಾಯಿತು. ಮಡಿಕೇರಿಯಲ್ಲಿ ಕರೆಂಟು ಇದ್ದಾಗ ಒಮ್ಮೆ, ಇಲ್ಲದಾಗ ಒಮ್ಮೆ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ವಾಪಸ್ ಕಳಿಸಿ ಸುಮ್ಮನಾಗಲೂ ಮನಸ್ಸು ಬರಲಿಲ್ಲ. ಕಾರಣ ನಿಮ್ಮ ಹದಿನೇಳನೆಯ ಐಡಿಯಾ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಸಣ್ಣಪುಟ್ಟದ್ದು. ‘ಸಮ್ಮೋಹನ’ ಅಂದರೆ ಕಣ್ಣಿಗೆ ಕಣ್ಣಿಟ್ಟು ಮಂಕು ಹಿಡಿಸುವುದು. ಸಾಮಾನಿಗೆ ವಿಶೇಷ ಶಕ್ತಿ ತುಂಬುವ ಮಂತ್ರಕ್ಕೆ ಆಡುವ ಹುಡುಗರು ‘ಕತ್ತಿಗೆ ಎನ್‌ಚಾಂಟ್ ಹಾಕಿದೆ’ ಅನ್ನುತ್ತಾರೆ, ಹಾಗೇ ಬರೆಯಿರಿ. ‘ಇಂದಿನ ಆಧುನಿಕ ಯುಗದಲ್ಲಿ’ ಎಂದು ಶುರುವಾಗುವ ಮೊದಲ ಪ್ಯಾರಾ ಪೂರ್ತಿ ಹೋಗಲಿ. ಆ ಜಾಗದಲ್ಲಿ ಆಟ ಗೊತ್ತಿಲ್ಲದವರಿಗೆ ಎರಡು ಮಾತು ಬೇಕು. ನಾಲ್ಕು ಅಬ್ಸಿಡಿಯನ್ ಎಂಬ ಕಪ್ಪು ಕಲ್ಲು, ಎರಡು ವಜ್ರ, ಒಂದು ಪುಸ್ತಕ ಸೇರಿಸಿದರೆ ಎನ್‌ಚಾಂಟ್ ಮೇಜು ಆಗುತ್ತದೆ. ಸುತ್ತ 15 ಪುಸ್ತಕದ ಕಪಾಟು ಇಟ್ಟರೆ ಅದರ ಪೂರ್ತಿ ಬಲ ಸಿಗುತ್ತದೆ. ಆಡಿ ಗಳಿಸಿದ ಲೆವೆಲ್ಲೂ ಲ್ಯಾಪಿಸ್ ಎಂಬ ನೀಲಿ ಕಲ್ಲೂ ಖರ್ಚಾಗುತ್ತವೆ. ಇಷ್ಟು ಹೇಳಿದರೆ ಗೋಣಿಕೊಪ್ಪದಲ್ಲಿ ಕೂತು ಕಾಳುಮೆಣಸಿನ ರೇಟು ನೋಡುವ ಅಪ್ಪನಿಗೂ ಮಗ ರಾತ್ರಿಯೆಲ್ಲ ಏನು ಮಾಡುತ್ತಾನೆ ಅಂತ ಅರ್ಥವಾಗುತ್ತದೆ.

ಈಗ ದೊಡ್ಡ ತಕರಾರು. ನಿಮ್ಮ ಪಟ್ಟಿಯಲ್ಲಿ ಎಲ್ಲವೂ ಪುಕ್ಕಟೆ. ‘ಭೀಮಬಲ’ ಹಾಕಿದ ಕತ್ತಿ ಒಂದೇ ಏಟಿಗೆ ಯಾರನ್ನಾದರೂ ಕೊಲ್ಲುತ್ತದೆ. ‘ಚಿರಾಯು’ ಹಾಕಿದ ಪಿಕಾಕ್ಸ್ (ಕಲ್ಲು ಅಗೆಯುವ ಪಿಕಾಸಿ) ಸವೆಯುವುದೇ ಇಲ್ಲ. ಸರಿ, ಆಮೇಲೆ? ಆ ಕತ್ತಿ ಸಿಕ್ಕ ಮಾರನೆಯ ದಿನ ಆಡಲು ಏನು ಉಳಿಯಿತು?

ಆಟ ಮಾಡಿದವರು ಎಷ್ಟು ಜಿಪುಣರು ಅಂತ ನೋಡಿ. ಆಟದ ಶತ್ರುಗಳಲ್ಲಿ ಒಂದಾದ ಅಸ್ಥಿಪಂಜರಕ್ಕೆ 20 ಪಾಯಿಂಟ್ ಜೀವ. ಕಂಪ್ಯೂಟರಿನಲ್ಲಿ ಆಡುವ ಜಾವಾ ಆವೃತ್ತಿಯಲ್ಲಿ ವಜ್ರದ ಕತ್ತಿಯ ಏಟು 7, ಅಂದರೆ ಮೂರು ಸಲ ಹೊಡೆಯಬೇಕು. ಏಟು ಹೆಚ್ಚಿಸುವ ಶಾರ್ಪ್‌ನೆಸ್ ಎನ್‌ಚಾಂಟ್‌ನ ಐದನೇ ಮಟ್ಟ ಹಾಕಿದರೆ ಏಟು 10 ಆಗುತ್ತದೆ, ಎರಡು ಸಲ ಹೊಡೆದರೆ ಸಾಕು. ಅಷ್ಟೇ ಲಾಭ! ಆ ಒಂದು ಏಟು ಉಳಿಸುವುದಕ್ಕೆ ಜನ ವಾರಗಟ್ಟಲೆ ಒದ್ದಾಡುತ್ತಾರೆ. ಅಗೆದ ಕಲ್ಲನ್ನು ಇದ್ದ ಹಾಗೇ ಕೊಡುವ ಸಿಲ್ಕ್ ಟಚ್ ಬೇಕೆಂದರೆ ಅದಿರಿನಿಂದ ಹೆಚ್ಚು ಕೊಡುವ ಫಾರ್ಚೂನ್ ಬಿಡಬೇಕು, ಒಂದೇ ಪಿಕಾಕ್ಸಿಗೆ ಎರಡೂ ಇಲ್ಲ. ನಿಮ್ಮ ‘ಚಿರಾಯು’ಗೆ ಹತ್ತಿರದ್ದು 2016ರಿಂದಲೇ ಆಟದಲ್ಲಿದೆ, ಹೆಸರು ಮೆಂಡಿಂಗ್. ನಿಮ್ಮ ಲೆವೆಲ್ಲಿಗೆ ಸೇರಬೇಕಾದ ಅನುಭವವನ್ನು ತಿಂದು ಅದು ಸಾಮಾನನ್ನು ರಿಪೇರಿ ಮಾಡುತ್ತದೆ. ಬಿಲ್ಲಿಗೆ ಅದನ್ನು ಹಾಕಿದರೆ ಬಾಣ ಮುಗಿಯದ ಹಾಗೆ ಮಾಡುವ ಇನ್ಫಿನಿಟಿ ಬರುವುದಿಲ್ಲ. ನನ್ನ ಅಕ್ಕನ ಮಗ ಆಟದಲ್ಲಿ ಮೆಂಡಿಂಗ್ ಇದ್ದ ಪಿಕಾಕ್ಸ್ ಜೊತೆ ಲಾವಾಕ್ಕೆ ಬಿದ್ದ ದಿನ ರಾತ್ರಿ ಊಟ ಬಿಟ್ಟಿದ್ದ, ಪಂದಿಕರಿ ಇತ್ತು ಮನೆಯಲ್ಲಿ. ಕಳೆದುಕೊಳ್ಳುವ ಭಯ ಇಲ್ಲದ ಸಾಮಾನಿನ ಬಗ್ಗೆ ಯಾರು ಕತೆ ಹೇಳುತ್ತಾರೆ?

‘ಒಡಿಕತ್ತಿ ಶಕ್ತಿ’ ಅಂತ ಒಂದಿದೆಯಲ್ಲ, ಅದನ್ನು ನೋಡಿ ಖುಷಿಯಾಯಿತು. ಓದಿದರೆ ‘ಹಾನಿ 10 ಹೆಚ್ಚುತ್ತದೆ’ ಅಂತ ಮಾತ್ರ ಇದೆ. ಹೆಸರು ಕೊಡಗಿನ ಯುದ್ಧದ ಕತ್ತಿಯದು, ಒಳಗೆ ಏನೂ ಇಲ್ಲ. ಕೈಲ್‌ಪೊಳ್ದ್ ಹಬ್ಬಕ್ಕೆ ಕತ್ತಿ, ಕೋವಿ ತೊಳೆದು, ತೋಕ್‌ಪೂ ಎಂಬ ಹೂವು ಸಿಕ್ಕಿಸಿ ಪೂಜೆಗಿಡುವುದನ್ನು ನೀವು ಚಿಕ್ಕಂದಿನಿಂದ ನೋಡಿದವರು. ಆ ಕತ್ತಿಯನ್ನೂ ಆಟದಲ್ಲಿ ಒಂದು ದಿನ ಗೋಡೆಗೆ ತೂಗುಹಾಕಿ ಸುಮ್ಮನಿಡಬೇಕು ಅಂತ ಮಾಡಿ. ಆಗ ಅದರ ಸವೆತ ತುಂಬುತ್ತದೆ, ಆದರೆ ಆ ರಾತ್ರಿ ನೀವು ಬರಿಗೈ. ಇದು ನನಗೆ ಹೊಳೆದದ್ದು, ಇದಕ್ಕಿಂತ ಒಳ್ಳೆಯದು ನಿಮಗೆ ಹೊಳೆಯಬಹುದು.

‘ಹೂಮಳೆ’ ಐಡಿಯಾ ಅರ್ಧ ದಾರಿಯಲ್ಲಿ ನಿಂತಿದೆ. ಗುದ್ದಲಿಗೆ ಹಾಕಿದರೆ ಬೆಳೆ ಕೂಡಲೇ ಬೆಳೆಯುತ್ತದೆ ಅಂದಿದ್ದೀರಿ. ಆ ಕೆಲಸಕ್ಕೆ ಎಲುಬಿನ ಪುಡಿ ಇದ್ದೇ ಇದೆ. ಹೂಮಳೆ ಅಂದರೆ ಅಷ್ಟು ಸುಲಭವಾ? ಮಾರ್ಚ್, ಏಪ್ರಿಲ್‌ನಲ್ಲಿ ಒಂದು ಮಳೆ ಬಿದ್ದು ಕಾಫಿ ತೋಟ ಬೆಳ್ಳಗಾದ ಮೇಲೆ ಮನೆಯವರೆಲ್ಲ ಮತ್ತೆ ಆಕಾಶ ನೋಡುತ್ತಾ ಕೂರುತ್ತಾರಲ್ವಾ? ಅದರ ಬೆನ್ನಿಗೆ ಇನ್ನೊಂದು ಮಳೆ ಬಾರದಿದ್ದರೆ ಬಂದ ಹೂವೂ ನಷ್ಟ. ಹಾಗೇ ಮಾಡಿ. ಮಳೆ ಶುರುವಾದಾಗ ಗೋಧಿ ಒಂದು ಹಂತ ಮೇಲೆ ಹೋಗಲಿ, ಇಂತಿಷ್ಟು ದಿನದಲ್ಲಿ ಇನ್ನೊಂದು ಮಳೆ ಬಾರದಿದ್ದರೆ ಎರಡು ಹಂತ ಕೆಳಗಿಳಿಯಲಿ. ಮಳೆಯನ್ನೇ ನಂಬಿಕೊಂಡ ಎನ್‌ಚಾಂಟ್‌ಗಳು ಆಟದಲ್ಲಿ ಈಗಲೂ ಇವೆ. ಎಸೆದವನನ್ನೂ ಜೊತೆಗೆ ಹಾರಿಸಿಕೊಂಡು ಹೋಗುವ ತ್ರಿಶೂಲದ ರಿಪ್‌ಟೈಡ್ ನೀರಿನಲ್ಲಿ ಅಥವಾ ಮಳೆಯಲ್ಲಿ ಮಾತ್ರ ನಡೆಯುತ್ತದೆ, ಶತ್ರುವಿನ ಮೇಲೆ ಸಿಡಿಲು ಬೀಳಿಸುವ ಚಾನೆಲಿಂಗ್‌ಗೆ ಗುಡುಗು ಬೇಕು. ಆಟದಲ್ಲಿ ಒಂದು ದಿನ ಅಂದರೆ 20 ನಿಮಿಷ. ಅದಕ್ಕೆ ಸರಿಯಾಗಿ ಲೆಕ್ಕ ಹಾಕಿ.

ಇನ್ನು ಹದಿನೇಳು, ‘ಜಿಗಣೆ’. ಹೊಡೆದಾಗ ಶತ್ರುವಿನ ಜೀವ ನಿಮಗೆ ಬರುತ್ತದೆ. ಈ ಐಡಿಯಾ ಹೊಸದೇನಲ್ಲ, ಎಷ್ಟೋ ಆಟಗಳಲ್ಲಿದೆ. ಆದರೆ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀರಿ: ‘ಹೊಟ್ಟೆ ತುಂಬಿದ ಮೇಲೆ ಕತ್ತಿ ಕುಡಿಯುವುದಿಲ್ಲ’. ಇಡೀ ಲೇಖನದಲ್ಲಿ ನೀವೇ ಬರೆದ ಸಾಲು ಇದೊಂದು. ಮಳೆಗಾಲದಲ್ಲಿ ತೋಟಕ್ಕೆ ಹೋಗಿ ಬಂದು, ಕಾಲ್ಚೀಲ ತೆಗೆದು, ದ್ರಾಕ್ಷಿಯ ಹಾಗೆ ಊದಿದ್ದು ತಾನಾಗಿ ಕಳಚಿ ನೆಲಕ್ಕೆ ಬೀಳುವುದನ್ನು ನೋಡಿದವರು ಮಾತ್ರ ಹಾಗೆ ಬರೆಯಲು ಸಾಧ್ಯ.

ಹಾಗಿದ್ದರೆ ಅಲ್ಲಿಗೇ ಯಾಕೆ ನಿಲ್ಲಿಸಿದಿರಿ? ಜಿಗಣೆ ಬಿದ್ದ ಮೇಲೆ ಏನಾಗುತ್ತದೆ ಅಂತ ನಿಮಗೆ ಗೊತ್ತು. ರಕ್ತ ನಿಲ್ಲುವುದಿಲ್ಲ. ಹೆಪ್ಪುಗಟ್ಟದ ಹಾಗೆ ಅದು ಏನನ್ನೋ ಸೇರಿಸಿ ಹೋಗಿರುತ್ತದೆ, ಬಿಳಿ ಪಂಚೆಯಾದರೆ ಕತೆ ಮುಗಿಯಿತು. ನಿಮ್ಮ ಕತ್ತಿಗೂ ಅದೇ ಬೆಲೆ ಇರಲಿ. ಐದು ಹೃದಯದಷ್ಟು, ಅಂದರೆ 10 ಪಾಯಿಂಟ್ ಜೀವ ಕುಡಿದ ಮೇಲೆ ಅದು ಮಲಗಲಿ. ಮಲಗಿರುವಷ್ಟು ಹೊತ್ತು, ಎಷ್ಟೇ ತಿಂದರೂ ನಿಮ್ಮ ಜೀವ ತಾನಾಗಿ ತುಂಬದಿರಲಿ. ಆಗ ಆಡುವವನು ಯೋಚಿಸಬೇಕಾಗುತ್ತದೆ: ಈ ಜೊಂಬಿಗೆ ಜಿಗಣೆ ಕತ್ತಿ ತೆಗೆಯಲಾ, ಸಾದಾ ಕತ್ತಿ ಸಾಕಾ?

ಬರೆಯುವ ಮೊದಲು ಒಮ್ಮೆ ಆಡಿ ನೋಡಿ. 2024ರಲ್ಲಿ ಬಂದ 1.21 ಅಪ್‌ಡೇಟ್‌ನಿಂದ ಜಾವಾ ಆವೃತ್ತಿಯಲ್ಲಿ ಆಟದ ನಿಯಮ ಬದಲಿಸುವ ಡೇಟಾಪ್ಯಾಕ್ ಎಂಬ ಫೈಲ್ ಬರೆದು ಹೊಸ ಎನ್‌ಚಾಂಟ್ ಸೇರಿಸಬಹುದು. ನನ್ನ ಐಡಿಯಾಗಳೆಲ್ಲ ಅದರಲ್ಲಿ ಕೂರುತ್ತವೆ ಅಂತ ಹೇಳಲಾರೆ, ಎಷ್ಟು ಸಾಧ್ಯವೋ ಅಷ್ಟು ಮಾಡಿ. ತಮ್ಮನ ಕೈಗೆ ಕತ್ತಿ ಕೊಟ್ಟು ಪಕ್ಕದಲ್ಲಿ ಕೂತು ಅವನು ಬೈಯುವುದನ್ನು ಬರೆದುಕೊಳ್ಳಿ. ಆ ಬೈಗುಳ ಲೇಖನಕ್ಕೆ ಬೇಕು.

ಉಳಿದ 22 ಐಡಿಯಾ ನಿಮ್ಮಲ್ಲೇ ಇರಲಿ. ಒಡಿಕತ್ತಿ, ಹೂಮಳೆ, ಜಿಗಣೆ, ಈ ಮೂರಕ್ಕೆ ನಾಲ್ಕು ಪುಟ ಕೊಡುತ್ತೇನೆ. ಜಿಗಣೆಯಿಂದ ಶುರು ಮಾಡಿ.

ಒಂದು ತೊಡಕು ಮಾತ್ರ ನನಗೆ ಬಗೆಹರಿದಿಲ್ಲ. ಹತ್ತಿಕೊಂಡ ಜಿಗಣೆ ಬಿಡಿಸಲು ನಮ್ಮಲ್ಲಿ ಉಪ್ಪು, ಸುಣ್ಣ, ಹೊಗೆಸೊಪ್ಪು ಇದೆ. ಆಟದಲ್ಲಿ ಇದ್ಯಾವುದೂ ಇಲ್ಲ. ಅಲ್ಲಿ ಹಾಲು ಕುಡಿದರೆ ವಿಷದಂಥ ಎಲ್ಲ ಎಫೆಕ್ಟೂ ಹೋಗುತ್ತದೆ. ಆದರೆ ಜಿಗಣೆಗೆ ಹಾಲು ಮದ್ದು ಅಂತ ಬರೆದರೆ ನಮ್ಮೂರಿನವರು ನಗುತ್ತಾರೆ. ಬೇರೆ ಏನಾದರೂ ಹುಡುಕಿ.

ನಿಮ್ಮ
ಸಂಪಾದಕ